ಎರಡು ಹೊಳೆಗಳ ಎರಡು ಕಾದಂಬರಿಗಳು ಮತ್ತು ಕನ್ನಡದ ಬೆಳ್ಳಿತೆರೆ

ಬೆಳ್ಳಿತೆರೆಗೆ ಬರಲೇಬೇಕಾಗಿದ್ದ, ಆದರೂ ಬಾರದೆ ಉಳಿದ ಕನ್ನಡ ಕಾದಂಬರಿಗಳು ಯಾವುವು ಎಂಬ ಪ್ರಶ್ನೆಯನ್ನು ನಮ್ಮ ಸಂಘದ ತರುಣ ಸದಸ್ಯರು ಎತ್ತಿ, ಈ ಸ್ಮರಣ ಸಂಚಿಕೆಗೆ ಅದನ್ನೇ ಕುರಿತು ಬರೆದುಕೊಡಬೇಕೆಂದು ಕೇಳಿಕೊಂಡರು. ಪಟ್ಟಿ ಮಾಡುವುದಾದರೆ ಕೆಲಸ ಸುಲಭ. ಒಬ್ಬರು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಎನ್ನುತ್ತಾರೆ, ಇನ್ನೊಬ್ಬರು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಎನ್ನುತ್ತಾರೆ, ಮತ್ತೊಬ್ಬರು ಕಾರಂತರ ‘ಮರಳಿ ಮಣ್ಣಿಗೆ’ಯನ್ನು ಬಿಟ್ಟುಕೊಡಲಾರರು. ಮೂವರ ಮಾತೂ ಸರಿಯೇ. ಆದರೆ ನಮ್ಮ ಮನಸ್ಸು ಹೋದುದು ನಮ್ಮದೇ ಕಾಸರಗೋಡು ಜಿಲ್ಲೆಯ ಎರಡು ಹೊಳೆಗಳ ಕಡೆಗೆ. ತೇಜಸ್ವಿನಿ ಹೊಳೆಯ ದಂಡೆಯ ಕಥೆ ನಿರಂಜನರ ‘ಚಿರಸ್ಮರಣೆ’. ಚಂದ್ರಗಿರಿ ಹೊಳೆಯ ದಂಡೆಯ ಕಥೆ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’. ಎರಡೂ ಕನ್ನಡದಲ್ಲಿ ಹುಟ್ಟಿದ ಕೃತಿಗಳು. ಮೊದಲನೆಯದರ ಘಟನೆ ಮಲಯಾಳದಲ್ಲಿ ಚಿತ್ರವಾಯಿತು. ಎರಡನೆಯದರ ಕಥೆ ಬ್ಯಾರಿ ಭಾಷೆಯಲ್ಲಿ ಚಿತ್ರವಾಗಿ, ಲೇಖಕಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಕನ್ನಡದ ತೆರೆಯ ಮೇಲೆ ಇವೆರಡನ್ನೂ ನಾವು ಇನ್ನೂ ಕಂಡಿಲ್ಲ. ಇದು ಹೇಗಾಯಿತು ಎಂಬುದನ್ನು ತಿಳಿಯಬೇಕಾದರೆ ಕನ್ನಡ ಕಾದಂಬರಿಗೂ ಕನ್ನಡ ಚಿತ್ರಕ್ಕೂ ಇದ್ದ ಸಂಬಂಧದ ಇತಿಹಾಸವನ್ನು ಸ್ವಲ್ಪ ತಿರುವಿ ನೋಡಬೇಕು.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ಬಂದುದು 1934ರಲ್ಲಿ. ಅಲ್ಲಿಂದ ಮುಂದಿನ ಇಪ್ಪತ್ತೈದು ವರ್ಷಗಳಿಗೂ ಮಿಕ್ಕಿ ನಮ್ಮ ಚಿತ್ರಗಳು ಬಹುಮಟ್ಟಿಗೆ ಪುರಾಣ, ಭಕ್ತಚರಿತ್ರೆ ಹಾಗೂ ನಾಟಕ ಕಂಪೆನಿಗಳ ಋಣದಲ್ಲಿದ್ದವು. ನಾಟಕ ಕಂಪೆನಿಯಿಂದಲೇ ನಟರು ಬಂದರು, ಸಂಭಾಷಣೆಗಾರರು ಬಂದರು, ಕಥೆಗಳೂ ಬಂದವು. ಅದೇ ಕಾಲದಲ್ಲಿ ಪುಸ್ತಕದಂಗಡಿಯ ಕಪಾಟಿನಲ್ಲಿ ಕಾದಂಬರಿ ಬೇರೆಯೇ ದಾರಿಯಲ್ಲಿ ಬೆಳೆಯುತ್ತಿತ್ತು. ‘ಚೋಮನ ದುಡಿ’ 1933ರಲ್ಲಿ ಬಂದಿತ್ತು, ‘ಕಾನೂರು ಹೆಗ್ಗಡಿತಿ’ 1936ರಲ್ಲಿ. ಚಿತ್ರರಂಗ ಇವುಗಳ ಕಡೆ ತಿರುಗಿ ನೋಡಲು ದಶಕಗಳೇ ಬೇಕಾದವು. ಕೃಷ್ಣಮೂರ್ತಿ ಪುರಾಣಿಕರ ‘ಧರ್ಮದೇವತೆ’ಯನ್ನು ಆಧರಿಸಿ 1962ರಲ್ಲಿ ಬಂದ ‘ಕರುಣೆಯೇ ಕುಟುಂಬದ ಕಣ್ಣು’ ಚಿತ್ರವನ್ನು ಕಾದಂಬರಿ ಆಧಾರಿತ ಮೊದಲ ಕನ್ನಡ ಚಿತ್ರವೆಂದು ಹೇಳುವುದು ರೂಢಿ.

ಅಲ್ಲಿಂದ ಬಾಗಿಲು ತೆರೆಯಿತು. 1967ರಲ್ಲಿ ಪುಟ್ಟಣ್ಣ ಕಣಗಾಲರು ತ್ರಿವೇಣಿಯವರ ‘ಬೆಳ್ಳಿಮೋಡ’ವನ್ನು ತೆರೆಗೆ ತಂದರು. ಎಂ.ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’, ಮತ್ತೆ ತ್ರಿವೇಣಿಯವರ ‘ಶರಪಂಜರ’, ವಾಣಿಯವರ ‘ಎರಡು ಕನಸು’, ಟಿ.ಕೆ. ರಾಮರಾಯರ ‘ಬಂಗಾರದ ಮನುಷ್ಯ’ ಇವೆಲ್ಲ ಐದಾರು ವರ್ಷಗಳ ಅಂತರದಲ್ಲಿ ಬಂದವು. ‘ಪ್ರಜಾಮತ’, ‘ಸುಧಾ’ ಮುಂತಾದ ವಾರಪತ್ರಿಕೆಗಳಲ್ಲಿ ಧಾರಾವಾಹಿಯಾಗಿ ಓದಿದ ಕಥೆಯನ್ನೇ ಮರುವರ್ಷ ಚಿತ್ರಮಂದಿರದಲ್ಲಿ ನೋಡುವ ಸಂಭ್ರಮ ನಮ್ಮ ತಲೆಮಾರಿನವರಿಗೆ ಲಭಿಸಿತ್ತು. ವಾಚನಾಲಯಕ್ಕೆ ಬರುವ ಒಂದೇ ಪ್ರತಿ ಹತ್ತು ಮನೆ ಸುತ್ತಿ ಹರಿದು ಹಿಂದಿರುಗುತ್ತಿದ್ದುದನ್ನು ನಮ್ಮ ವಯಸ್ಸಿನ ಓದುಗರು ಮರೆತಿರಲಾರರು. ಕಾದಂಬರಿ ಓದಿದವರು ಚಿತ್ರ ನೋಡಲು ಹೋದರು. ಚಿತ್ರ ನೋಡಿದವರು ಕಾದಂಬರಿಯನ್ನು ಹುಡುಕಿಕೊಂಡು ಬಂದರು. ಎರಡಕ್ಕೂ ಲಾಭವಾಯಿತು.

ಎಲ್ಲ ಲೇಖಕರಿಗೂ ತೃಪ್ತಿಯಾಯಿತೆಂದು ಹೇಳುವಂತಿಲ್ಲ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಹೆಣೆದು ಪುಟ್ಟಣ್ಣನವರು 1972ರಲ್ಲಿ ‘ನಾಗರಹಾವು’ ಮಾಡಿದಾಗ, ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರೆಂದು ಲೇಖಕರು ನೊಂದುಕೊಂಡ ಮಾತು ನಾಡಿನಲ್ಲೆಲ್ಲ ಪ್ರಸಿದ್ಧವಾಗಿದೆ. ನಮ್ಮ ದೃಷ್ಟಿಯಲ್ಲಿ ಅಲ್ಲಿ ಇಬ್ಬರೂ ಗೆದ್ದರು. ಅದೇ ತ.ರಾ.ಸು. ಅವರ ‘ಹಂಸಗೀತೆ’ಯನ್ನು ಜಿ.ವಿ. ಅಯ್ಯರ್ 1975ರಲ್ಲಿ ತೆಗೆದಾಗ ಕಾದಂಬರಿಯ ಘನತೆಗೆ ತಕ್ಕ ಚಿತ್ರವೊಂದು ದೊರೆಯಿತು.

ಇದರ ಜೊತೆಗೇ ಇನ್ನೊಂದು ಧಾರೆ. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಪಟ್ಟಾಭಿರಾಮ ರೆಡ್ಡಿಯವರ ನಿರ್ದೇಶನದಲ್ಲಿ 1970ರಲ್ಲಿ ಬಂದು, ಸೆನ್ಸಾರಿನವರ ತಡೆಯನ್ನು ದಾಟಿ, ಕನ್ನಡಕ್ಕೆ ಮೊದಲ ಸ್ವರ್ಣಕಮಲವನ್ನು ತಂದಿತು. ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’, ಶ್ರೀಕೃಷ್ಣ ಆಲನಹಳ್ಳಿಯವರ ‘ಕಾಡು’ ಹಿಂದೆಯೇ ಬಂದವು. ಐದು ವರ್ಷಗಳಲ್ಲಿ ಬಿ.ವಿ. ಕಾರಂತರು ‘ಚೋಮನ ದುಡಿ’ಯನ್ನು ತೆಗೆದು ಇನ್ನೊಂದು ಸ್ವರ್ಣಕಮಲ ತಂದರು, ಚೋಮನಾಗಿ ಅಭಿನಯಿಸಿದ ವಾಸುದೇವರಾಯರಿಗೆ ರಾಷ್ಟ್ರಮಟ್ಟದ ಶ್ರೇಷ್ಠ ನಟ ಪ್ರಶಸ್ತಿ ದೊರೆಯಿತು. ಆ ಚಿತ್ರವನ್ನು ನಾವು ಮಂಗಳೂರಿನಲ್ಲಿ ನೋಡಿದೆವು. ನಮ್ಮ ಗದ್ದೆ, ನಮ್ಮ ಮಳೆ, ನಮ್ಮ ಕಡೆಯ ಮನೆಯ ಜಗಲಿಯನ್ನು ತೆರೆಯ ಮೇಲೆ ಕಂಡುದು ಅದೇ ಮೊದಲು. ಅಲ್ಲಿಯತನಕ ಚಿತ್ರದಲ್ಲಿ ಬರುವ ಹಳ್ಳಿಯೆಂದರೆ ಮೈಸೂರು ಕಡೆಯ ಬಯಲು ಹಳ್ಳಿಯೆಂದೇ ನಾವು ತಿಳಿದಿದ್ದೆವು.

ಗಡಿನಾಡಿನವರು ನೆನಪಿನಲ್ಲಿಟ್ಟುಕೊಳ್ಳಬೇಕಾದ ಇನ್ನೊಂದು ಹೆಸರು ಭಾರತೀಸುತರದು. ಕೊಡಗಿನ ಈ ಲೇಖಕರ ‘ಎಡಕಲ್ಲು ಗುಡ್ಡದ ಮೇಲೆ’ಯನ್ನು ಪುಟ್ಟಣ್ಣನವರು 1973ರಲ್ಲಿ ಚಿತ್ರವಾಗಿಸಿದರು. ಹಾಡುಗಳನ್ನು ಇಂದಿಗೂ ಗುನುಗುವ ಎಷ್ಟೋ ಮಂದಿಗೆ ಆ ಎಡಕಲ್ಲು ಕೇರಳದ ವಯನಾಡಿನಲ್ಲಿದೆಯೆಂಬುದು ತಿಳಿಯದು. ಗುಹೆಯ ಗೋಡೆಗಳಲ್ಲಿ ಶಿಲಾಯುಗದ ಗೀರುಚಿತ್ರಗಳಿರುವ ಆ ಗುಡ್ಡದ ಹೆಸರು ಬೆಂಗಳೂರಿನ ಬೀದಿ ಬೀದಿಗಳಲ್ಲಿ ಭಿತ್ತಿಪತ್ರವಾಗಿ ಅಂಟಿಕೊಂಡಿತ್ತು. ಅವರದೇ ‘ಹುಲಿಯ ಹಾಲಿನ ಮೇವು’ ಮುಂದೆ ರಾಜಕುಮಾರ್ ಅವರ ಚಿತ್ರವಾಯಿತು. ಎಂದರೆ, ಕನ್ನಡ ಚಿತ್ರರಂಗವು ಗಡಿ ದಾಟಿ ಕಥೆ ತಂದ ಉದಾಹರಣೆಯೇ ಇಲ್ಲವೆಂದು ನಾವು ದೂರುವಂತಿಲ್ಲ. ಮನಸ್ಸು ಮಾಡಿದಾಗ ವಯನಾಡಿನ ಗುಡ್ಡವನ್ನೂ ಹತ್ತಿದೆ. ಹಾಗಿದ್ದೂ ಕಾಸರಗೋಡಿನ ಹೊಳೆಗೆ ಅದು ಇಳಿಯಲಿಲ್ಲ.

ಈಗ ಮೊದಲನೆಯ ಹೊಳೆಗೆ ಬರೋಣ.

ನಿರಂಜನರ ನಿಜನಾಮ ಕುಳಕುಂದ ಶಿವರಾಯ. ಸುಬ್ರಹ್ಮಣ್ಯದ ಬಳಿಯ ಕುಳಕುಂದದಲ್ಲಿ 1924ರಲ್ಲಿ ಹುಟ್ಟಿದ ಇವರು ಪ್ರೌಢಶಾಲೆಗೆ ಬಂದುದು ನೀಲೇಶ್ವರದ ರಾಜಾಸ್ ಹೈಸ್ಕೂಲಿಗೆ. ಆಗ ನೀಲೇಶ್ವರವೂ ಕಯ್ಯೂರೂ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯೊಳಗೇ ಇದ್ದವು. ಘಟ್ಟದ ಬುಡದ ಕನ್ನಡ ಹುಡುಗನೊಬ್ಬ ಮಲಯಾಳ ಮಾತನಾಡುವ ಸಹಪಾಠಿಗಳ ನಡುವೆ ಬೆಂಚಿನಲ್ಲಿ ಕುಳಿತು ಕಲಿತುದು ಆ ಕಾಲದಲ್ಲಿ ಯಾರಿಗೂ ಸೋಜಿಗವಲ್ಲ. ಆ ಸಹವಾಸವಿಲ್ಲದಿದ್ದರೆ ‘ಚಿರಸ್ಮರಣೆ’ ಹುಟ್ಟುತ್ತಿರಲಿಲ್ಲವೆಂದು ನಮ್ಮ ನಂಬಿಕೆ.

ಕಯ್ಯೂರು ತೇಜಸ್ವಿನಿ ಹೊಳೆಯ ದಂಡೆಯ ಊರು. ಕಾರ್ಯಂಗೋಡು ಹೊಳೆಯೆಂದೂ ಕರೆಯುತ್ತಾರೆ. (ನಿರಂಜನ ಮತ್ತು ಅನುಪಮಾ ದಂಪತಿಗಳ ಮಗಳ ಹೆಸರೂ ತೇಜಸ್ವಿನಿ, ಈ ಕಾದಂಬರಿಯನ್ನು ಇಂಗ್ಲಿಷಿಗೆ ಅನುವಾದಿಸಿದವರೂ ಅವರೇ.) ಜಮೀನ್ದಾರರ ಗೇಣಿ, ಕಾಣಿಕೆ, ಬಿಟ್ಟಿ ದುಡಿಮೆಗಳ ವಿರುದ್ಧ ಅಲ್ಲಿನ ಒಕ್ಕಲುಮಕ್ಕಳು ರೈತಸಂಘ ಕಟ್ಟಿದ್ದರು. 1941ರ ಮಾರ್ಚ್ ಕೊನೆಯಲ್ಲಿ ಪೊಲೀಸರು ಊರಿಗೆ ನುಗ್ಗಿ ಕಾರ್ಯಕರ್ತರನ್ನು ಹಿಡಿದು ಹೊಡೆದರು. ಅದನ್ನು ಪ್ರತಿಭಟಿಸಿ 28ರಂದು ಹೊರಟ ಮೆರವಣಿಗೆಗೆ ಸುಬ್ಬರಾಯನೆಂಬ ಪೊಲೀಸ್ ಪೇದೆ ಎದುರಾದ. ಜನರು ಅವನ ಕೈಗೆ ಕೆಂಪು ಬಾವುಟ ಕೊಟ್ಟು ಮೆರವಣಿಗೆಯ ಮುಂದೆ ನಡೆಸಿದರು. ದಾರಿಯಲ್ಲಿ ಅವನು ಹೊಳೆಗೆ ಹಾರಿದ, ಕಲ್ಲುಗಳು ಬಿದ್ದವು, ಅವನು ಮುಳುಗಿ ಸತ್ತ. ಹಲವು ಹತ್ತು ಮಂದಿಯ ಮೇಲೆ ಮೊಕದ್ದಮೆ ಹೂಡಲಾಯಿತು. ಮುಂದೆ ಕೇರಳದ ಮುಖ್ಯಮಂತ್ರಿಯಾದ ಇ.ಕೆ. ನಾಯನಾರ್ ಅವರೂ ಆರೋಪಿಗಳ ಪಟ್ಟಿಯಲ್ಲಿದ್ದು ತಲೆಮರೆಸಿಕೊಂಡಿದ್ದರು. ವಿಚಾರಣೆ ನಡೆದುದು ಮಂಗಳೂರಿನಲ್ಲಿ. ಮಠತ್ತಿಲ್ ಅಪ್ಪು, ಕೊಯ್ತಾಟಿಲ್ ಚಿರುಕಂಡನ್, ಪೊಡೋರ ಕುಞಂಬು ನಾಯರ್, ಪಳ್ಳಿಕ್ಕಲ್ ಅಬೂಬಕರ್ ಈ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ಐದನೆಯವನಾದ ಚೂರಿಕ್ಕಾಡನ್ ಕೃಷ್ಣನ್ ನಾಯರ್ ಪ್ರಾಯಕ್ಕೆ ಬಾರದ ಹುಡುಗನೆಂಬ ಕಾರಣಕ್ಕೆ ನೇಣಿನಿಂದ ಉಳಿದ.

ಹನ್ನೆರಡು ವರ್ಷಗಳ ಬಳಿಕ, 1955ರಲ್ಲಿ, ಇದನ್ನು ಕಾದಂಬರಿಯಾಗಿ ಬರೆದವರು ಕನ್ನಡದ ನಿರಂಜನ. ಅಪ್ಪು, ಚಿರುಕಂಡರನ್ನು ಅವರು ಹುತಾತ್ಮರನ್ನಾಗಿ ಮೊದಲು ಕಾಣಲಿಲ್ಲ, ಊರಿನ ಹುಡುಗರನ್ನಾಗಿ ಕಂಡರು. ಆ ಹುಡುಗರಿಗೆ ಅಕ್ಷರದ ಜೊತೆಗೆ ಲೋಕವನ್ನೂ ತೋರಿಸುವ ಮಾಸ್ತರರನ್ನು ಕಂಡರು. ಮಾಸ್ತರಿಕೆಯಲ್ಲೇ ತಲೆ ನರೆಸಿಕೊಂಡ ನಮಗೆ ಆ ಪಾತ್ರದ ಮೇಲೆ ಸ್ವಲ್ಪ ಹೆಚ್ಚಿನ ಮಮತೆಯಿದ್ದರೆ ಓದುಗರು ಮನ್ನಿಸಬೇಕು. ಪುಸ್ತಕದ ಬಲವಿರುವುದು ಸೆರೆಮನೆಯ ಪುಟಗಳಿಗಿಂತ ಹೆಚ್ಚಾಗಿ ಅದಕ್ಕೂ ಮೊದಲಿನ ಪುಟಗಳಲ್ಲಿ, ಭಯಪಡುವುದನ್ನೇ ಬಾಳುವೆಯೆಂದು ತಿಳಿದಿದ್ದ ಜನ ಮೆಲ್ಲಮೆಲ್ಲನೆ ಬೆನ್ನು ನೆಟ್ಟಗೆ ಮಾಡಿಕೊಳ್ಳುವ ಬಗೆಯಲ್ಲಿ. ಲೇಖಕರ ರಾಜಕೀಯ ಒಪ್ಪದವರೂ ನಮ್ಮ ಸಂಘದಲ್ಲಿದ್ದಾರೆ. ಅವರೂ ಈ ಪುಸ್ತಕವನ್ನು ಕಣ್ಣೊರಸಿಕೊಳ್ಳದೆ ಮುಗಿಸಿದುದನ್ನು ನಾವು ಕಾಣೆವು.

ಮಲಯಾಳಕ್ಕೆ ಅನುವಾದವಾದ ಮೇಲೆ ಇದು ಕೇರಳದಲ್ಲಿ ಮನೆಮಾತಾಯಿತು. ನಾವು ಕೆಲಸ ಮಾಡಿದ ಶಾಲೆಯೊಂದರಲ್ಲಿ ಕನ್ನಡ, ಮಲಯಾಳ ಎರಡೂ ವಿಭಾಗಗಳಿದ್ದವು. ಮಲಯಾಳ ವಿಭಾಗದ ಸಹೋದ್ಯೋಗಿಯೊಬ್ಬರು ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ‘ಚಿರಸ್ಮರಣ’ದ ಪ್ರತಿಯನ್ನು ನಮ್ಮ ಮೇಜಿನ ಮೇಲಿಟ್ಟು, “ಮಾಷೇ, ಇಂಥದೊಂದು ಪುಸ್ತಕ ನಿಮ್ಮ ಕನ್ನಡದಲ್ಲೂ ಬರಬೇಕು” ಎಂದರು. ನಾವು ಏನೂ ಹೇಳದೆ ಒಳಪುಟವನ್ನು ತೆರೆದು ಮೂಲ ಲೇಖಕರ ಹೆಸರಿನ ಕೆಳಗೆ ಬೆರಳಿಟ್ಟೆವು. ಅವರು ಬಹಳ ಹೊತ್ತು ನೋಡಿದರು. “ಇಷ್ಟು ವರ್ಷ ನಮ್ಮದೆಂದೇ ತಿಳಿದಿದ್ದೆ” ಎಂದರು. ಮರುಕ್ಷಣವೇ, “ನಮ್ಮದೇ ಅಲ್ಲವೇ?” ಎಂದೂ ಸೇರಿಸಿದರು. ಆ ಎರಡನೆಯ ಮಾತಿಗೆ ಇಲ್ಲವೆನ್ನಲು ನಮಗೆ ಬಾಯಿ ಬರಲಿಲ್ಲ.

ಚಿತ್ರರಂಗದವರ ಕಣ್ಣೂ ಕಯ್ಯೂರಿನ ಮೇಲೆ ಬಿದ್ದಿತ್ತು. ಬಂಗಾಳದ ಮೃಣಾಲ್ ಸೇನ್, ಮಲಯಾಳದ ಜಾನ್ ಅಬ್ರಹಾಂ ಇಬ್ಬರೂ ಈ ವಸ್ತುವನ್ನು ಚಿತ್ರವಾಗಿಸಲು ಯೋಚಿಸಿದರು, ಇಬ್ಬರಿಗೂ ಕೈಗೂಡಲಿಲ್ಲ. ಕೊನೆಗೆ 1986ರಲ್ಲಿ ಲೆನಿನ್ ರಾಜೇಂದ್ರನ್ ಅವರು ಕಯ್ಯೂರಿನ ಘಟನೆಯನ್ನು ತಾವೇ ಚಿತ್ರಕಥೆಯಾಗಿ ಬರೆದು ‘ಮೀನಮಾಸತ್ತಿಲೆ ಸೂರ್ಯನ್’ ಎಂಬ ಚಿತ್ರವನ್ನು ನಿರ್ದೇಶಿಸಿದರು. ಭರತ್ ಗೋಪಿ, ವೇಣು ನಾಗವಳ್ಳಿ ಮುಂತಾದ ಒಳ್ಳೆಯ ನಟರು ಅದರಲ್ಲಿದ್ದರು. ಮೀನಮಾಸವೆಂದರೆ ನಮ್ಮ ತುಳುವರ ಸುಗ್ಗಿ ತಿಂಗಳು. ಮಾರ್ಚ್ ನಡುವಿನಿಂದ ಏಪ್ರಿಲ್ ನಡುವಿನವರೆಗಿನ ಉರಿಬಿಸಿಲು. ಹೊಳೆಯ ಘಟನೆಯೂ ನೇಣೂ ಆ ತಿಂಗಳಲ್ಲೇ ನಡೆದವು. ಹೆಸರು ಅಚ್ಚುಕಟ್ಟಾಗಿದೆ, ಚಿತ್ರವೂ ಒಳ್ಳೆಯದೇ. ಆದರೆ ಅದು ನಿರಂಜನರು ಕಂಡ ಕಯ್ಯೂರಲ್ಲ. ಆ ಕಯ್ಯೂರು ಇನ್ನೂ ಪುಸ್ತಕದೊಳಗೇ ಇದೆ.

ಕನ್ನಡದಲ್ಲಿ ಇದನ್ನು ಚಿತ್ರವಾಗಿಸುವ ಮಾತೆತ್ತಿದಾಗ ಕೇಳಿಬರುವ ಆಕ್ಷೇಪ ಒಂದೇ. ಕಥೆಯ ಜನ ಮಲಯಾಳ ಮಾತಾಡುವವರು. ಅವರ ಬಾಯಲ್ಲಿ ಕನ್ನಡ ಹೇಗೆ ಹೊಂದೀತು? ಇದಕ್ಕೆ ಉತ್ತರ ‘ಚೋಮನ ದುಡಿ’ಯಲ್ಲೇ ಇದೆ. ಚೋಮನ ಮನೆಮಾತು ಕನ್ನಡವಲ್ಲ, ತುಳು. ಕಾರಂತರು ಕನ್ನಡದಲ್ಲಿ ಬರೆದರು, ಚಿತ್ರವೂ ಕನ್ನಡದಲ್ಲಿ ಬಂತು, ಚೋಮ ಪರಕೀಯನೆಂದು ಯಾರಿಗೂ ಅನ್ನಿಸಲಿಲ್ಲ. ಅದಿರಲಿ, ಈಗಿನ ಪ್ರೇಕ್ಷಕರು ಹಿಂದಿನವರಿಗಿಂತ ಧಾರಾಳಿಗಳು. ನಮ್ಮ ಯೌವನದಲ್ಲಿ ಕರಾವಳಿಯ ಕನ್ನಡವನ್ನು ಚಿತ್ರಗಳಲ್ಲಿ ನಗಿಸಲಿಕ್ಕೆ ಮಾತ್ರ ಬಳಸುತ್ತಿದ್ದರು. ಭಟ್ಟರೋ ಹೋಟೆಲಿನ ಮಾಣಿಯೋ ಬಂದು ನಾಲ್ಕು ಮಾತಾಡಿ ಹೋಗುತ್ತಿದ್ದರು. 2022ರಲ್ಲಿ ‘ಕಾಂತಾರ’ ಬಂದಾಗ ಕುಂದಾಪುರದ ಕಡೆಯ ಮಾತನ್ನು ಬೀದರಿನವರೂ ಚಾಮರಾಜನಗರದವರೂ ಕುಳಿತು ಕೇಳಿದರು. ಅರ್ಥವಾಗಲಿಲ್ಲವೆಂದು ಎದ್ದುಹೋದವರ ಸುದ್ದಿಯಿಲ್ಲ.

ನಮ್ಮನ್ನು ಕೇಳಿದರೆ ‘ಚಿರಸ್ಮರಣೆ’ಯ ಚಿತ್ರ ಒಂದೇ ಭಾಷೆಯಲ್ಲಿರಬೇಕಾಗಿಯೇ ಇಲ್ಲ. ಹೊಲದಲ್ಲಿ ಮಲಯಾಳ ಇರಲಿ. ಮಂಗಳೂರಿನ ನ್ಯಾಯಾಲಯದ ಜಗಲಿಯಲ್ಲಿ ಕನ್ನಡ, ತುಳು, ಕೊಂಕಣಿ ಇರಲಿ. ನ್ಯಾಯಾಧೀಶರ ಪೀಠದಿಂದ ಇಂಗ್ಲಿಷ್ ಬರಲಿ. ತಮ್ಮ ಜೀವದ ಬಗೆಗೆ ನಡೆಯುವ ಮಾತನ್ನು ಇನ್ನೊಬ್ಬರ ಬಾಯಿಂದ ತಮ್ಮ ಭಾಷೆಗೆ ತಿರುಗಿಸಿಕೊಂಡು ಕೇಳಬೇಕಾದ ನಾಲ್ವರು ಒಕ್ಕಲುಮಕ್ಕಳು ಕಟಕಟೆಯಲ್ಲಿ ನಿಂತಿರುವ ದೃಶ್ಯವೊಂದೇ ಸಾಕು, ಗಡಿನಾಡಿನ ಬಾಳು ಎಂಥದೆಂದು ತಿಳಿಯಲು. ಕಚೇರಿಯ ಕಾಗದ ಕೈಯಲ್ಲಿ ಹಿಡಿದು, ಓದಿ ಹೇಳುವವರನ್ನು ಹುಡುಕಿಕೊಂಡು ಅಲೆದ ಅನುಭವ ನಮ್ಮಲ್ಲಿ ಯಾರಿಗಿಲ್ಲ?

ಪೇದೆ ಸುಬ್ಬರಾಯನ ಮಾತನ್ನೂ ಇಲ್ಲಿ ಹೇಳಿಬಿಡಬೇಕು. ಹೆಸರು ಕೇಳಿದರೆ ನಮ್ಮ ಕಡೆಯವನೇ ಇರಬೇಕೆನಿಸುತ್ತದೆ. ಸ್ಮಾರಕದಲ್ಲಿ ಅವನಿಗೆ ಸ್ಥಳವಿಲ್ಲ, ಇರಬೇಕೆಂದು ನಾವು ವಾದಿಸುವುದೂ ಇಲ್ಲ. ಆದರೆ ಸಂಬಳಕ್ಕಾಗಿ ಖಾಕಿ ತೊಟ್ಟು, ತನ್ನ ಕೈಗೆ ಬಂದ ಕೆಂಪು ಬಾವುಟವನ್ನು ಹಿಡಿದು ನಡೆದು, ಕೊನೆಗೆ ನೀರನ್ನೇ ನಂಬಿ ಹಾರಿದ ಆ ಮನುಷ್ಯನ ಮುಖವನ್ನೂ ಒಂದು ಕ್ಷಣ ತೋರಿಸುವ ನಿರ್ದೇಶಕ ಬಂದರೆ, ಆ ಚಿತ್ರವನ್ನು ಎಲ್ಲ ಪಕ್ಷದವರೂ ಕುಳಿತು ನೋಡಬಲ್ಲರು. ಕನ್ನಡದಲ್ಲಿ ತೆಗೆಯುವವರಿಗೆ ಈ ಅವಕಾಶ ಹೆಚ್ಚು. ಕಯ್ಯೂರಿನ ಪಕ್ಷರಾಜಕೀಯದಿಂದ ನಾವು ಒಂದು ಹೊಳೆಯಷ್ಟು ದೂರದಲ್ಲಿ ನಿಂತಿದ್ದೇವೆ.

ಆ ಹೊಳೆಯೇ ಚಂದ್ರಗಿರಿ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಸುಳ್ಯದಲ್ಲಿ ಪಯಸ್ವಿನಿಯೆನಿಸಿ, ಕಾಸರಗೋಡಿನ ತೆಂಕಣ ಅಂಚಿನಲ್ಲಿ ಕಡಲು ಸೇರುತ್ತದೆ. ದಂಡೆಯ ಕೋಟೆ ಇಕ್ಕೇರಿಯ ಶಿವಪ್ಪನಾಯಕನ ಕಾಲದ್ದು. ತುಳುನಾಡಿಗೂ ಮಲಯಾಳ ನಾಡಿಗೂ ಇದೇ ಮೇರೆಯೆಂದು ಹಿರಿಯರು ಹೇಳುತ್ತಿದ್ದರು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ನಾವು ಶಾಲೆಗೆ ಆಗತಾನೇ ಕಾಲಿಟ್ಟ ಮಕ್ಕಳು. ಚಂದ್ರಗಿರಿಯ ಬಡಗಣ ಭಾಗ ಮೈಸೂರು ರಾಜ್ಯಕ್ಕೆ ಸೇರತಕ್ಕದ್ದೆಂದು ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಾಗ ನಾವು ಕಾಲೇಜು ಹುಡುಗರು. ಆಮೇಲಿನದು ಎಲ್ಲರಿಗೂ ತಿಳಿದದ್ದೇ. ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ.

ಸಾರಾ ಅಬೂಬಕ್ಕರ್ 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದವರು. ಮುಸ್ಲಿಂ ಹುಡುಗಿಯರು ಶಾಲೆಯ ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದ ದಿನಗಳಲ್ಲಿ ಅವರು ಕನ್ನಡ ಕಲಿತರು. ಮನೆಮಾತು ಬೇರೆ, ಬರೆಯುವ ಮಾತು ಕನ್ನಡ. ಈ ಇಬ್ಬಗೆಯನ್ನು ನಮ್ಮ ಶಾಲೆಗಳಲ್ಲಿ ಓದಿದ ಸಾವಿರಾರು ಮಕ್ಕಳು ಬಲ್ಲರು. ‘ಚಂದ್ರಗಿರಿಯ ತೀರದಲ್ಲಿ’ ಮೊದಲು ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂತು, ಬಳಿಕ ಪುಸ್ತಕವಾಯಿತು. ನಾದಿರಾ ಎಂಬ ಹೆಣ್ಣುಮಗಳ ಕಥೆ ಅದು. ಗಂಡ ರಶೀದನಲ್ಲಿ ಅವಳಿಗೆ ಕೊರತೆಯಿಲ್ಲ. ಅವಳ ತಂದೆ ಮಹಮ್ಮದ್ ಖಾನ್ ಅಳಿಯನಲ್ಲಿ ಹಣ ಕೇಳುತ್ತಾನೆ. ದೊರೆಯದಿದ್ದಾಗ ಮಗಳನ್ನು ತನ್ನ ಮನೆಯಲ್ಲೇ ಉಳಿಸಿಕೊಂಡು ತಲಾಖ್ ಆಗುವಂತೆ ಮಾಡುತ್ತಾನೆ. ಮತ್ತೆ ಅದೇ ಗಂಡನೊಡನೆ ಸೇರಬೇಕಾದರೆ ಒಂದು ರಾತ್ರಿಯ ಮಟ್ಟಿಗೆ ಬೇರೊಬ್ಬನ ಹೆಂಡತಿಯಾಗಬೇಕೆಂಬ ಕಟ್ಟಳೆ ಎದುರು ನಿಲ್ಲುತ್ತದೆ. ನಾದಿರಾ ಮಸೀದಿಯ ಕೊಳದಲ್ಲಿ ಜೀವ ಬಿಡುತ್ತಾಳೆ.

ಇದನ್ನು ಒಂದು ಮತದ ದೋಷ ತೋರಿಸುವ ಪುಸ್ತಕವೆಂದು ಓದುವವರಿದ್ದಾರೆ. ಅದು ಅರ್ಧ ಓದು. ಮಹಮ್ಮದ್ ಖಾನನಂಥ ತಂದೆಯರು ನಮ್ಮೆಲ್ಲರ ಕೇರಿಗಳಲ್ಲಿದ್ದರು. ಕಟ್ಟಳೆಯನ್ನು ಮಾತ್ರ ಬೇರೆ ಬೇರೆ ಗ್ರಂಥಗಳಿಂದ ತೆಗೆದು ತೋರಿಸುತ್ತಿದ್ದರು. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ನನ್ನೂ ಸಾರಾ ಅವರ ನಾದಿರಾಳನ್ನೂ ಅಕ್ಕಪಕ್ಕದಲ್ಲಿ ಕೂರಿಸಿದರೆ ಇಬ್ಬರೂ ಒಂದೇ ಮನೆಯ ಹೆಣ್ಣುಮಕ್ಕಳಂತೆ ಕಾಣುತ್ತಾರೆ. ಫಣಿಯಮ್ಮನಿಗೆ ಪ್ರೇಮಾ ಕಾರಂತರು ದೊರೆತರು. 1983ರಲ್ಲಿ ಬಂದ ಆ ಚಿತ್ರ ಇಂದಿಗೂ ನಮ್ಮ ಹೆಮ್ಮೆ. ಬಾನು ಮುಷ್ತಾಕ್ ಅವರ ಕಥೆಗೆ ಗಿರೀಶ್ ಕಾಸರವಳ್ಳಿ ದೊರೆತು ‘ಹಸೀನಾ’ ಆಯಿತು. ನಾದಿರಾಳಿಗೆ ಯಾರೂ ದೊರೆಯಲಿಲ್ಲ.

ದೊರೆಯಲಿಲ್ಲವೆನ್ನುವುದಕ್ಕಿಂತ, ಕೇಳದೆ ಕೊಂಡೊಯ್ದರು ಎನ್ನಬೇಕು. ಬ್ಯಾರಿ ಭಾಷೆಯ ಮೊದಲ ಚಿತ್ರವಾದ ‘ಬ್ಯಾರಿ’ ಕೆ.ಪಿ. ಸುವೀರನ್ ಅವರ ನಿರ್ದೇಶನದಲ್ಲಿ ಬಂದು, 2011ರ ಸಾಲಿನ ಸ್ವರ್ಣಕಮಲವನ್ನು ಮರಾಠಿಯ ‘ದೇವೂಳ್’ ಚಿತ್ರದೊಡನೆ ಹಂಚಿಕೊಂಡಿತು. ಅಷ್ಟು ಚಿಕ್ಕ ಭಾಷೆಗೆ ಅಷ್ಟು ದೊಡ್ಡ ಪ್ರಶಸ್ತಿ ದೊರೆತುದಕ್ಕೆ ಕರಾವಳಿಯೆಲ್ಲ ಸಂತೋಷಪಟ್ಟಿತು. ಕಥೆ ತಮ್ಮದು, ಅನುಮತಿ ಕೇಳಿಲ್ಲ, ಹೆಸರೂ ಹಾಕಿಲ್ಲವೆಂದು ಸಾರಾ ಅಬೂಬಕ್ಕರ್ ದಾವೆ ಹೂಡಿದರು. ಮಂಗಳೂರಿನ ನ್ಯಾಯಾಲಯ ಲೇಖಕಿಯ ಪರವಾಗಿ ತೀರ್ಪು ನೀಡಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಎಪ್ಪತ್ತು ದಾಟಿದ ಹೆಣ್ಣುಮಗಳೊಬ್ಬರು ತಮ್ಮದೇ ಕಥೆ ತಮ್ಮದೆಂದು ರುಜುವಾತು ಮಾಡಲು ವಕೀಲರ ಕಚೇರಿಗೆ ಅಲೆಯಬೇಕಾದುದು ನಮಗೆ ಈಗಲೂ ನೋವಿನ ಸಂಗತಿ. ಒಂದು ಸಮಾಧಾನವೆಂದರೆ ಅವರ ಇನ್ನೊಂದು ಕಾದಂಬರಿ ‘ವಜ್ರಗಳು’ ಅನು ಪ್ರಭಾಕರ್ ಅವರ ಅಭಿನಯದಲ್ಲಿ ‘ಸಾರಾ ವಜ್ರ’ ಎಂಬ ಹೆಸರಿನಿಂದ ಕನ್ನಡದಲ್ಲೇ ಚಿತ್ರವಾಗಿ, ಅವರ ಕಣ್ಣೆದುರೇ ತೆರೆಗೆ ಬಂತು. 2023ರ ಜನವರಿಯಲ್ಲಿ ಅವರು ತೀರಿಕೊಂಡರು.

ಮಲಯಾಳಿಗಳನ್ನು ನೋಡಿ ನಾವು ಕಲಿಯಬೇಕಾದುದೊಂದಿದೆ. 1956ರಲ್ಲಿ ಬಂದ ತಕಳಿಯವರ ‘ಚೆಮ್ಮೀನ್’ ಕಾದಂಬರಿ 1965ರಲ್ಲಿ ರಾಮು ಕಾರ್ಯಾಟರ ಚಿತ್ರವಾಯಿತು. ದಕ್ಷಿಣ ಭಾರತಕ್ಕೆ ಮೊದಲ ರಾಷ್ಟ್ರಪತಿ ಚಿನ್ನದ ಪದಕ ತಂದಿತು. ಬಷೀರರ ‘ಮದಿಲುಗಳ್’ ಅಡೂರರ ಚಿತ್ರವಾಯಿತು. ಬೆನ್ಯಾಮಿನರ ‘ಆಡುಜೀವಿದಂ’ ಮೊನ್ನೆ 2024ರಲ್ಲಿ ಬಂತು. ಅಲ್ಲಿ ಕಾದಂಬರಿಯಿಂದ ಚಿತ್ರಕ್ಕೆ ಹೋಗುವ ದಾರಿಯಲ್ಲಿ ಹುಲ್ಲು ಬೆಳೆಯಲು ಬಿಟ್ಟಿಲ್ಲ. ನಮ್ಮಲ್ಲಿ ತೊಂಬತ್ತರ ದಶಕದ ಬಳಿಕ ಆ ದಾರಿ ಕಿರಿದಾಯಿತು. ಇಲ್ಲವೇ ಇಲ್ಲವೆನ್ನಲಾಗದು, ಗಿರೀಶ್ ಕಾರ್ನಾಡರು 1999ರಲ್ಲಿ ‘ಕಾನೂರು ಹೆಗ್ಗಡಿತಿ’ ತೆಗೆದರು,  ಪಿ. ಶೇಷಾದ್ರಿಯವರು ಕಾರಂತರ ‘ಬೆಟ್ಟದ ಜೀವ’ವನ್ನೂ ‘ಮೂಕಜ್ಜಿಯ ಕನಸುಗಳು’ ಕೃತಿಯನ್ನೂ ತೆರೆಗೆ ತಂದರು. ಆದರೆ ಇಂಥವು ಊರಿನ ಚಿತ್ರಮಂದಿರಕ್ಕೆ ಬರುವ ಮೊದಲೇ ಹೊರಟುಹೋಗುತ್ತವೆ. ಕಾಸರಗೋಡಿಗಂತೂ ಬರುವುದೇ ಇಲ್ಲ.

ಕಾಸರಗೋಡಿನ ಹೆಸರನ್ನೇ ಹೊತ್ತು ಬಂದ ಕನ್ನಡ ಚಿತ್ರವೊಂದಿದೆಯಲ್ಲ ಎಂದು ತರುಣರು ಕೇಳುವರು. 2018ರಲ್ಲಿ ರಿಷಬ್ ಶೆಟ್ಟಿಯವರು ತೆಗೆದ ‘ಸರ್ಕಾರಿ ಹಿ.ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ಶ್ರೇಷ್ಠ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ನಾವು ನಕ್ಕೆವು, ಕೆಲವೆಡೆ ಗಂಟಲು ಕಟ್ಟಿತು. ನಿವೃತ್ತ ಮುಖ್ಯೋಪಾಧ್ಯಾಯನ ಕಣ್ಣಿಗೆ ಅದರ ಶಾಲೆ ಸ್ವಲ್ಪ ಅತಿಯಾಗಿ ಕಂಡರೂ ಕನ್ನಡ ಮಕ್ಕಳ ಮುಂದೆ ಕನ್ನಡ ಬಾರದ ಅಧ್ಯಾಪಕರು ಬಂದು ನಿಲ್ಲುವ ಸಂಗತಿ ಅತಿಯಲ್ಲ. ಅದು ನಮ್ಮ ದಿನನಿತ್ಯ. ಆ ಚಿತ್ರದಿಂದ ನಾಡಿನ ಜನಕ್ಕೆ ನಮ್ಮ ಸಂಕಟ ತಿಳಿಯಿತು. ಆದರೆ ಸಂಕಟವೊಂದೇ ನಮ್ಮ ಆಸ್ತಿಯಲ್ಲ. ನಮ್ಮ ನೆಲದಲ್ಲಿ ಹುಟ್ಟಿದ ಸಾಹಿತ್ಯವೂ ಇದೆ ಎಂಬುದು ತಿಳಿಯಬೇಕಾದರೆ ಈ ಎರಡು ಕಾದಂಬರಿಗಳು ತೆರೆಗೆ ಬರಬೇಕು. ನಮ್ಮ ಮಕ್ಕಳು ಮೊಬೈಲಿನಲ್ಲಿ ನೋಡುವುದೆಲ್ಲ ಮಲಯಾಳ ಅಥವಾ ಇಂಗ್ಲಿಷ್. ಅವರನ್ನು ಬೈದು ಪ್ರಯೋಜನವಿಲ್ಲ. ನೋಡಲು ಕನ್ನಡದಲ್ಲಿ ನಾವು ಏನಿಟ್ಟಿದ್ದೇವೆ?

ಕಿರುಚಿತ್ರ ತೆಗೆಯುವ ಕೆಲವು ಯುವಕರು ನಮ್ಮ ಸಂಘದಲ್ಲಿದ್ದಾರೆಂದು ಕೇಳಿದ್ದೇವೆ. ಅವರಿಗೆ ಒಂದೆರಡು ವ್ಯಾವಹಾರಿಕ ಮಾತು. ನಮ್ಮ ದೇಶದ ಕಾಯಿದೆಯಂತೆ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷಗಳ ಕಾಲ ಕೃತಿಯ ಹಕ್ಕು ಅವರ ವಾರಸುದಾರರಲ್ಲಿರುತ್ತದೆ. ನಿರಂಜನರು ತೀರಿಕೊಂಡುದು 1992ರಲ್ಲಿ. ಎಂದರೆ 2052ರ ಕೊನೆಯವರೆಗೆ. ಸಾರಾ ಅವರ ಕೃತಿಗಳಿಗೆ 2083ರವರೆಗೆ. ಹತ್ತು ನಿಮಿಷದ ಚಿತ್ರವಾದರೂ ಸರಿ, ಬರಹದಲ್ಲಿ ಒಪ್ಪಿಗೆ ಪಡೆದು, ಮೂಲ ಲೇಖಕರ ಹೆಸರನ್ನು ಮೊದಲು ಕಾಣುವಂತೆ ಹಾಕಿರಿ. ಇಡೀ ಕಾದಂಬರಿಯನ್ನು ಕೈಗೆತ್ತಿಕೊಳ್ಳುವ ಶಕ್ತಿಯಿಲ್ಲದಿದ್ದರೆ ಒಂದು ಅಧ್ಯಾಯ ಸಾಕು: ಮಾಸ್ತರರು ಅಪ್ಪು, ಚಿರುಕಂಡರಿಗೆ ಪಾಠ ಹೇಳುವ ಭಾಗ, ಅಥವಾ ನಾದಿರಾ ತಂದೆಯ ಮನೆಯಲ್ಲಿ ಗಂಡನಿಗಾಗಿ ಕಾಯುವ ಭಾಗ. ಕಯ್ಯೂರಿಗೆ ಹೋಗುವವರು ಚೆರುವತ್ತೂರಿನಲ್ಲಿ ಇಳಿಯಬೇಕು. ಮಾರ್ಚ್ 29ರಂದು ಅಲ್ಲಿ ವರ್ಷವರ್ಷವೂ ಜನ ಸೇರುತ್ತಾರೆ. ಹಳಬರ ಮಾತು ಕೇಳಲು ಅದೇ ಒಳ್ಳೆಯ ದಿನ.

‘ಚಿರಸ್ಮರಣೆ’ಯ ಹಳೆಯ ಪ್ರತಿಯೊಂದು ನಮ್ಮಲ್ಲಿದೆ. ರಟ್ಟು ಕಿತ್ತು ಹೋಗಿದ್ದರೂ ಪುಟಗಳು ಪೂರ್ತಿ ಇವೆ. ‘ಚಂದ್ರಗಿರಿಯ ತೀರದಲ್ಲಿ’ ಎರಡು ಪ್ರತಿಗಳಿವೆ. ಮೂರನ್ನೂ ಈ ಸಮ್ಮೇಳನದ ದಿನ ಸಂಘದ ವಾಚನಾಲಯಕ್ಕೆ ಒಪ್ಪಿಸುತ್ತಿದ್ದೇವೆ. ಬೇಕಾದವರು ಅಲ್ಲಿಯ ಪುಸ್ತಕದಲ್ಲಿ ಹೆಸರು ಬರೆಸಿ ಕೊಂಡೊಯ್ಯಬಹುದು. ಹದಿನೈದು ದಿನಗಳೊಳಗೆ ಹಿಂದಿರುಗಿಸಬೇಕು.